ಎಡಮೆದುಳಿನ ಕಾವಲು

ನಮ್ಮ ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ಪ್ರಶ್ನೆ. ಈ ಮನುಷ್ಯ ಇವತ್ತು ಪೂರ್ತಿ ಮಲಗಿದನೋ, ಅರ್ಧ ಮಲಗಿದನೋ? ಅಷ್ಟು ಕೇಳಿಕೊಂಡು ಅದು ಜನರ ಹಣೆಬರಹ ಬರೆಯುತ್ತಿತ್ತು. ಬರೆದದ್ದನ್ನು ದಿನಾ ಸಂಜೆ ಓದಿ ವರದಿ ಮಾಡುವ ಕೆಲಸ ನನ್ನದು. ನಾನು ಮಹಾನಂದಾ ಕೊಣ್ಣೂರ, ಹಿರೇಬೂದಿಹಾಳದ ನೆಲೆಮಾಪನ ಕೇಂದ್ರದಲ್ಲಿ ಹಿರಿಯ ತಂತ್ರಜ್ಞೆ. ಈಗ ಹೇಳಲಿರುವುದು ನನ್ನ ಕಣ್ಣೆದುರಿಗೇ ಎರಡು ವರ್ಷ ನಡೆದದ್ದು. ಎರಡು ವರ್ಷ ನನಗೆ ಕಾಣಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪರಸ್ಥಳದಲ್ಲಿ ಮೊದಲ ದಿನ ನಿದ್ದೆ ಸರಿಯಾಗಿ ಹತ್ತುವುದಿಲ್ಲ ಎಂಬುದು ಬೀಗರ ಮನೆಯಲ್ಲಿ ಉಳಿದವರಿಗೆಲ್ಲ ಗೊತ್ತು. ವಿಜ್ಞಾನಿಗಳು ಅದರ ಕಾರಣ ಕಂಡುಹಿಡಿದು ಬಹಳ ಕಾಲವಾಯಿತು. ಹೊಸ ಜಾಗದಲ್ಲಿ ಮೆದುಳಿನ ಬಲಭಾಗ ಗಾಢವಾಗಿ ಮಲಗಿದರೂ ಎಡಭಾಗ ಅರೆಎಚ್ಚರದಲ್ಲಿ ಕಾವಲು ಕೂತಿರುತ್ತದೆ. ಇರುವೆ ಹರಿದರೂ ಅದಕ್ಕೆ ಕೇಳುತ್ತದೆ. ಜಾಗ ಪರಿಚಯವಾದಂತೆಲ್ಲ ಆ ಕಾವಲುಗಾರನೂ ಗೊರಕೆ ಹೊಡೆಯತೊಡಗುತ್ತಾನೆ. ಹಾಗಿದ್ದರೆ, ಬಂದವನೊಬ್ಬ ಈ ಊರಿನವನಾದನೋ ಇಲ್ಲವೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಮಾಪಕ ಯಾವುದು ಎಂದು ಯಾರೋ ಜಾಣರು ಯೋಚಿಸಿದರು. ಕಾಗದಪತ್ರ ಸುಳ್ಳು ಹೇಳಬಹುದು, ಭಾಷೆ ಕಲಿಯಬಹುದು, ನಗು ತಂದುಕೊಳ್ಳಬಹುದು. ಮಲಗಿದ ಎಡಮೆದುಳು ಮಾತ್ರ ನಟಿಸಲಾರದು ಎಂದು ಅವರ ವಾದ. ಅಂಗಿಯ ಗುಂಡಿಯಷ್ಟು ಚಿಕ್ಕ ಬಿಲ್ಲೆಯೊಂದನ್ನು ಕಿವಿಯ ಹಿಂದೆ ಅಂಟಿಸಿದರೆ ಸಾಕು, ಕಾವಲು ಎಷ್ಟು ಹೊತ್ತು ಇತ್ತು ಎಂದು ಗೆರೆ ಬಂದುಬಿಡುತ್ತಿತ್ತು.

ಸಮುದ್ರ ಒಳಗೆ ಬಂದು ಕರಾವಳಿಯ ಊರುಗಳು ಹೋದ ಮೇಲೆ ಅಲ್ಲಿನ ಮಂದಿಯನ್ನು ಒಳನಾಡಿನ ಊರುಗಳಿಗೆ ಹಂಚಿದರು. ನಮ್ಮ ಪಾಲಿಗೆ ನಾಲ್ಕುನೂರು ಮನೆ ಬಂದವು. ಕಾಯ್ದೆ ಹೀಗಿತ್ತು. ಸತತ ನಲವತ್ತು ದಿನ ಕಾವಲಿಲ್ಲದೆ ಮಲಗಿದವರಿಗೆ ನೆಲೆಪತ್ರ. ಏಳು ವರ್ಷದೊಳಗೆ ಅದು ಸಾಧ್ಯವಾಗದಿದ್ದರೆ ಈ ಊರು ಅವರಿಗೆ ಒಗ್ಗಲಿಲ್ಲವೆಂದು ಲೆಕ್ಕ, ಬೇರೆ ಜಿಲ್ಲೆಗೆ ಕಳಿಸಿ ಮತ್ತೆ ಮೊದಲಿನಿಂದ ಶುರು. ಆದರೆ ಒಮ್ಮೆ ನೆಲೆಯೂರಿದವರನ್ನು ಯಾವ ಕಾರಣಕ್ಕೂ ಕೀಳಬಾರದು. ಮಕ್ಕಳು ಬೇಗ ನೆಲೆಯೂರುತ್ತಿದ್ದರು. ತಾಯಿ ಕಾವಲಿನಲ್ಲಿ, ಮಗು ನೆಲೆಯಲ್ಲಿ ಎಂದಾದರೆ ಮಗುವನ್ನು ಊರಿನ ಒಂದು ಮನೆಗೆ ಒಪ್ಪಿಸಿ ತಾಯಿಯನ್ನು ಮಾತ್ರ ಕಳಿಸುತ್ತಿದ್ದರು. ಇದೆಲ್ಲ ಮಗುವಿನ ಹಿತಕ್ಕೆ ಎಂದು ಸುತ್ತೋಲೆಯಲ್ಲಿ ಬರೆದಿತ್ತು.

ನಮ್ಮದು ಈಗ ಹಗಲು ಮಲಗುವ ಸೀಮೆ. ಬಿಸಿಲು ನಲವತ್ತೊಂಬತ್ತು ಡಿಗ್ರಿಗೆ ಏರತೊಡಗಿದ ಮೇಲೆ ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ. ಕೆಲಸ, ಶಾಲೆ, ಸಂತೆ ಎಲ್ಲ ಸೂರ್ಯ ಮುಳುಗಿದ ಮೇಲೆ. ಹಿಂದಿನವರು ಮಟಮಟ ಮಧ್ಯಾಹ್ನ ಹೊರಗೆ ಹೋಗಬೇಡ, ದೆವ್ವ ತಿರುಗುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತಿದ್ದರಂತೆ. ಈಗ ಹೆದರಿಸುವ ಅಗತ್ಯವಿಲ್ಲ. ಆ ಹೊತ್ತಿಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ.

ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಪ್ಪನ ಹೆಸರು ಗದಿಗೆಪ್ಪ, ವಯಸ್ಸು ಎಪ್ಪತ್ತೈದು. ಅವರು ಮುಳುಗಡೆಯವರು. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಹಿರೇಬೂದಿಹಾಳ ಮುಳುಗಿದಾಗ ಅವರಿಗೆ ಎಂಟು ವರ್ಷ. ಸರಕಾರ ಗುಡ್ಡದ ಮೇಲೆ ಸಾಲುಮನೆ ಕಟ್ಟಿ ಎಲ್ಲರನ್ನೂ ಲಾರಿಯಲ್ಲಿ ತಂದು ಇಳಿಸಿತು, ಕಾಗದದಲ್ಲಿ ಪುನರ್ವಸತಿ ಕೇಂದ್ರ, ಜನರ ಬಾಯಲ್ಲಿ ಆರ್‌ಸಿ. ಇಷ್ಟು ವರ್ಷವಾದರೂ ಅಪ್ಪನಿಗೆ ‘ನಮ್ಮೂರು’ ಎಂದರೆ ನೀರಿನ ಕೆಳಗಿರುವುದು, ‘ಆರ್‌ಸಿ’ ಎಂದರೆ ನಾವಿರುವುದು. ಬಹಳ ಮೆತ್ತಗಿನ ಮನುಷ್ಯ. ಬೆಕ್ಕು ಹಾಲು ಕುಡಿದು ಹೋದರೂ ಬಯ್ಯದೆ, ಹಸಿದಿತ್ತು ಪಾಪ ಎನ್ನುವವರು. ಸಂಜೆ ಎದ್ದ ಮೇಲೆ ಇಬ್ಬರೂ ಚಹಾ ಕುಡಿಯುತ್ತ ನನ್ನ ಕೆಲಸದ ಮಾತಾಡುತ್ತಿದ್ದೆವು. ಬಿಲ್ಲೆ ಹೇಗೆ ಕೆಲಸ ಮಾಡುತ್ತದೆ, ದಿನಕ್ಕೆ ಒಂದೇ ಒಂದು ಸಣ್ಣ ಸದ್ದು ಬಿದ್ದರೂ ಕಾವಲು ಹೇಗೆ ಬಿಡದೆ ಮುಂದುವರಿಯುತ್ತದೆ ಎಂದೆಲ್ಲ ಅವರು ಕೆದಕಿ ಕೇಳುತ್ತಿದ್ದರು. ಈ ವಯಸ್ಸಿನಲ್ಲೂ ಎಷ್ಟು ಆಸಕ್ತಿ ಎಂದು ನನಗೆ ಹೆಮ್ಮೆ. ನಾನೂ ಮೇಷ್ಟ್ರ ಹಾಗೆ ವಿವರಿಸುತ್ತಿದ್ದೆ.

ಗುಲಾಬಿ ಮೊಗವೀರ, ಕರಾವಳಿಯಿಂದ ಬಂದವರಿಗಾಗಿ ಕಟ್ಟಿದ ಕಾಲನಿಯ ನಾಲ್ಕನೆಯ ಸಾಲಿನ ಏಳನೆಯ ಮನೆಯವಳು. ಕುಂದಾಪುರದ ಕಡೆಯ ಕಡಲತಡಿಯವಳು. ಗಂಡ ಶೀನ ದೋಣಿಯನ್ನು ದಡಕ್ಕೆ ತರಲು ಹೋದವನು ಸಮುದ್ರದ ಜೊತೆಗೇ ಹೋದ, ಹೆಣ ಸಿಗಲಿಲ್ಲ. ಆಗ ಅವಳು ಬಸುರಿ. ನಾಲ್ಕು ವರ್ಷ ಡೇರೆಯಲ್ಲಿದ್ದು, ಇಲ್ಲಿಗೆ ಬಂದು ಏಳನೆಯ ವರ್ಷ. ರಾತ್ರಿ ನಮ್ಮ ಕೇಂದ್ರದ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟನ್ನು ಹುಟ್ಟಿದಾಗಿನಿಂದ ನೋಡಿದ ನನಗಿಂತ ತೆಳ್ಳಗೆ ಬಡಿಯುತ್ತಿದ್ದಳು ಎಂಬುದನ್ನು ಒಪ್ಪಿಕೊಳ್ಳಬೇಕು. ಮಗಳು ಪ್ರಾಪ್ತಿಗೆ ಹತ್ತು ವರ್ಷ. ಐದನೆಯ ವಯಸ್ಸಿಗೇ ಅವಳಿಗೆ ನೆಲೆಪತ್ರ ಸಿಕ್ಕಿತ್ತು. ಅವಳು ಅಪ್ಪಟ ನಮ್ಮ ಕಡೆಯ ಮಾತಾಡುತ್ತಿದ್ದಳು. ತಾಯಿಯನ್ನು ‘ಯವ್ವಾ’ ಎಂದು ಕರೆದಾಗಲೆಲ್ಲ ಗುಲಾಬಿ ಒಂದು ಕ್ಷಣ ತಡೆದು ಓಗೊಡುತ್ತಿದ್ದಳು.

ಗುಲಾಬಿಯ ಏಳು ವರ್ಷದ ಅವಧಿ ಆ ವಾರದ ಶನಿವಾರಕ್ಕೆ ಮುಗಿಯುವುದಿತ್ತು. ನೋಟೀಸು ಕೊಡಲು ಸೋಮವಾರ ಸಂಜೆ ನಾನೇ ಹೋದೆ. ಅವಳು ಓದಿ, ಮಡಚಿ, ಅಕ್ಕಿ ಡಬ್ಬಿಯ ಕೆಳಗಿಟ್ಟಳು. ಅಳಲಿಲ್ಲ. ಪ್ರಾಪ್ತಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ನಾಳಿನಿಂದ ಚೆನ್ನಾಗಿ ಮಲಗುತ್ತೇನೆ ಎಂದು ಗುಲಾಬಿ ಮೊದಲು ನನ್ನನ್ನೇ ಸಮಾಧಾನ ಮಾಡಿದಳು. ನಲವತ್ತು ದಿನ ಉಳಿದಿಲ್ಲವಲ್ಲ ಎಂದೆ. ಅವಳು ಅಂಗಳದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು.

“ಮೇಡಂ, ನಾನ್ ಹ್ವಾದ್ ಮೇಲೆ ಹೆಣ್ಣನ್ನ್ ನೀವೇ ಇಟ್ಕಣಿ. ಬೇರೆ ಯಾರ್ ಕೈಯಂಗೂ ಕೊಡ್ಬೇಡಿ.”

ನಾನು ಎದ್ದು ಬಂದೆ. ನನಗೆ ಮಕ್ಕಳಿಲ್ಲ. ದಾರಿಯುದ್ದಕ್ಕೂ ಪ್ರಾಪ್ತಿ ನಮ್ಮ ಮನೆಯಲ್ಲಿ ಓಡಾಡುವುದನ್ನು ನೆನೆದುಕೊಂಡೆ. ಹಾಗೆ ನೆನೆದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮನೆಗೆ ಹೋಗುವ ಬದಲು ಕೇಂದ್ರಕ್ಕೆ ಹೋಗಿ ಗುಲಾಬಿಯ ಕಡತ ತೆರೆದೆ.

ಐದನೆಯ ವರ್ಷದ ಕೊನೆಯಲ್ಲಿ ಅವಳ ಗೆರೆ ಚೆನ್ನಾಗಿಯೇ ಇಳಿದಿತ್ತು. ಮೂವತ್ತೊಂದು ದಿನ ಸತತವಾಗಿ ಕಾವಲಿಲ್ಲ. ಮೂವತ್ತೆರಡನೆಯ ದಿನ ಮಧ್ಯಾಹ್ನ ಒಂದು ಮೊನೆ ಎದ್ದಿತ್ತು. ಅಲ್ಲಿಂದ ಮುಂದೆ ದಿನವೂ ಒಂದು ಮೊನೆ, ಎರಡು ವರ್ಷದುದ್ದಕ್ಕೂ. ನಮ್ಮ ನಿರ್ದೇಶಕ ಡಾಕ್ಟರ್ ನಾಗಚಂದ್ರ ಆ ಸಾಲಿನ ಎಲ್ಲರ ಕಡತದಲ್ಲೂ ‘ಮಾನಸಿಕ ಪ್ರತಿರೋಧ’ ಎಂದು ಬರೆದಿದ್ದರು. ಬೇರೆ ಸಾಲುಗಳಲ್ಲಿ ತಿಂಗಳಿಗೆ ನಾಲ್ಕೈದು ಜನಕ್ಕೆ ಪತ್ರ ಸಿಗುತ್ತಿದ್ದರೆ ನಾಲ್ಕನೆಯ ಸಾಲಿನಲ್ಲಿ ಎರಡು ವರ್ಷದಿಂದ ಒಬ್ಬರಿಗೂ ಇಲ್ಲ. ಮೊಂಡರೆಲ್ಲ ಒಂದೇ ಸಾಲಿನಲ್ಲಿ ಬಂದು ಸೇರಿದ್ದಾರೆ ಎಂದು ನಾವು ಚಹಾ ಕುಡಿಯುವಾಗ ತಮಾಷೆ ಮಾಡುತ್ತಿದ್ದೆವು.

ಕಡತಗಳು ನಮ್ಮಲ್ಲಿ ಗುಪ್ತಸಂಖ್ಯೆಯ ಪ್ರಕಾರ ಇರುತ್ತಿದ್ದವು. ಅಕ್ಕಪಕ್ಕದ ಮನೆಯವರ ಗೆರೆಗಳು ಅಕ್ಕಪಕ್ಕ ಬರುತ್ತಲೇ ಇರಲಿಲ್ಲ. ಆ ದಿನ ನಾನು ಅಂಚೆ ವಿಳಾಸಗಳ ಪಟ್ಟಿ ಎದುರಿಗಿಟ್ಟುಕೊಂಡು, ನಾಲ್ಕನೆಯ ಸಾಲಿನ ಹನ್ನೆರಡು ಮನೆಗಳ ಗೆರೆಗಳನ್ನು ಮನೆಯ ಕ್ರಮದಲ್ಲೇ ಒಂದರ ಕೆಳಗೊಂದು ಜೋಡಿಸಿದೆ. ಮೊದಲ ಮನೆಯಲ್ಲಿ ಮೊನೆ ಎದ್ದದ್ದು ಒಂದು ಗಂಟೆ ಐದು ನಿಮಿಷಕ್ಕೆ. ಎರಡನೆಯದರಲ್ಲಿ ಒಂದು ಗಂಟೆ ಏಳಕ್ಕೆ. ಮೂರನೆಯದರಲ್ಲಿ ಒಂಬತ್ತಕ್ಕೆ. ಮೊನೆಗಳು ಪರದೆಯ ಮೇಲೆ ಮೆಟ್ಟಿಲಿನಂತೆ ಓರೆಯಾಗಿ ಇಳಿದಿದ್ದವು. ನಿನ್ನೆಯದನ್ನು ತೆಗೆದೆ, ಮೊನ್ನೆಯದನ್ನು ತೆಗೆದೆ, ಹೋದ ವರ್ಷದ್ದನ್ನು ತೆಗೆದೆ. ಅದೇ ಮೆಟ್ಟಿಲು.

ಇದು ಯಾರ ಮನಸ್ಸಿನೊಳಗಿನ ಪ್ರತಿರೋಧವೂ ಅಲ್ಲ. ಮಟಮಟ ಮಧ್ಯಾಹ್ನ, ಊರೆಲ್ಲ ಮಲಗಿದಾಗ, ಆ ಸಾಲಿನಲ್ಲಿ ಯಾರೋ ನಿಧಾನವಾಗಿ ನಡೆದುಹೋಗುತ್ತಿದ್ದಾರೆ. ಪ್ರತಿ ಬಾಗಿಲ ಮುಂದೆ ಏನೋ ಸದ್ದು ಮಾಡುತ್ತಿದ್ದಾರೆ. ಎಚ್ಚರವಾಗುವಷ್ಟು ದೊಡ್ಡದಲ್ಲ, ಎಡಮೆದುಳಿಗೆ ಕೇಳುವಷ್ಟು ಮಾತ್ರ. ಇನ್ನೊಂದು ವಿಚಿತ್ರವೂ ಇತ್ತು. ಮನೆಯಿಂದ ಮನೆಗೆ ಎರಡೇ ನಿಮಿಷವಾದರೆ, ಆರನೆಯ ಮನೆಗೂ ಏಳನೆಯ ಮನೆಗೂ ನಡುವೆ ಎಂಟು ನಿಮಿಷ. ಗುಲಾಬಿಯ ಬಾಗಿಲಲ್ಲಿ ಆ ಯಾರೋ ಆರು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು.

ಮರುದಿನ ಮುಂಜಾನೆ ಒಂಬತ್ತೂವರೆಗೆ, ಬಾಗಿಲು ಹಾಕುವ ಮೊದಲು, ನಾನು ಗುಲಾಬಿಯ ಮನೆ ಸೇರಿದೆ. ಬಿಲ್ಲೆ ಸರಿಯಾಗಿ ಅಂಟಿದೆಯೋ ನೋಡಬೇಕು, ಇಲ್ಲೇ ಇರುತ್ತೇನೆ ಎಂದೆ. ಅಪ್ಪನಿಗೆ ಇವತ್ತು ಕೇಂದ್ರದಲ್ಲೇ ಮಲಗುತ್ತೇನೆ ಎಂದು ಹೇಳಿ ಬಂದಿದ್ದೆ. ಪ್ರಾಪ್ತಿ ಮಲಗಿದ ತಕ್ಷಣ ನಿದ್ದೆ ಹೋದಳು. ಗುಲಾಬಿ ಮಲಗುವ ಮೊದಲು ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ಚೂರು ಬೆಲ್ಲ ತಂದು ಹೊಸ್ತಿಲ ಹೊರಗಿಟ್ಟು ಬಾಗಿಲು ಹಾಕಿದಳು. ಯಾರಿಗೆ ಎಂದು ಕೇಳಿದೆ. ಅವಳು ಕೇಳಿಸದವಳಂತೆ ಚಾಪೆ ಬಿಡಿಸತೊಡಗಿದಳು. ಹೇಳಿದರೆ ನಾನು ಅದನ್ನು ಕಡತದಲ್ಲಿ ಬರೆಯುತ್ತೇನೆಂಬ ಹೆದರಿಕೆ. ಬರೆಯುವುದಿಲ್ಲ ಎಂದು ಪ್ರಾಪ್ತಿಯ ತಲೆ ಮುಟ್ಟಿ ಹೇಳಿದ ಮೇಲೆ ಬಾಯಿ ಬಿಟ್ಟಳು.

ಅವರ ಕಡೆ ಮನೆ ಬಾಗಿಲಿಗೆ ಬಂದವರಿಗೆ, ಅದರಲ್ಲೂ ಬಿಸಿಲಲ್ಲಿ ಬಂದವರಿಗೆ, ಮೊದಲು ಬೆಲ್ಲ ನೀರು ಕೊಡದೆ ಮಾತೇ ಆಡಿಸುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳಿಗೆ ಬಾಗಿಲು ಬಡಿದದ್ದು ಕೇಳಿತಂತೆ. ಎದ್ದು ಕೂತಳು, ತೆರೆಯಲು ಧೈರ್ಯ ಸಾಲಲಿಲ್ಲ. ಮರುದಿನವೂ ಅದೇ ಹೊತ್ತಿಗೆ ಬಡಿದರು. ಈ ಸುಡುಬಿಸಿಲಿನಲ್ಲಿ ಬದುಕಿದವರು ಯಾರು ಬರುತ್ತಾರೆ ಎಂದು ಯೋಚಿಸಿದಳಂತೆ. ಮೂರನೆಯ ದಿನ ಬೆಲ್ಲ ನೀರು ಹೊರಗಿಟ್ಟು ಮಲಗಿದಳು. ಎರಡು ದಿನ ಇಟ್ಟದ್ದು ಇಟ್ಟಹಾಗೆಯೇ ಇತ್ತು. ಆಮೇಲಿನ ದಿನ ಸಂಜೆ ನೋಡಿದರೆ ತಂಬಿಗೆ ಖಾಲಿ.

“ಉಪ್ಪ್ ನೀರಂಗ್ ಹ್ವಾದವ್ರಿಗ್ ಬಾಯಾರ್ಕಿ ತೀರೂದಿಲ್ಲ ಅಂತ್ ಹೇಳ್ತ್ರ್ ನಮ್ಮ್ ಬದಿಯಂಗ್,” ಎಂದಳು. “ನಾನ್ ಬಾಗ್ಲ್ ತೆಗೂದಿಲ್ಲ. ಕಂಡ್ರೆ ಮತ್ತೆ ಬಪ್ಪುದಿಲ್ಲ.”

ಶೀನ ಬರುತ್ತಿದ್ದಾನೆ ಎಂದು ಅವಳು ನಂಬಿದ್ದಳು. ಅವನು ಬಂದು ನೀರು ಕುಡಿದು ಬಾಗಿಲು ಬಡಿಯುವುದನ್ನು ಕೇಳಿಸಿಕೊಳ್ಳುವುದಕ್ಕಾಗಿ ಅವಳ ಎಡಮೆದುಳು ಎರಡು ವರ್ಷ ಕಾವಲು ಕಾದಿತ್ತು. ನಮ್ಮ ಯಂತ್ರ ಅದನ್ನು ಈ ಊರು ಒಗ್ಗದ ಲಕ್ಷಣ ಎಂದು ಬರೆದುಕೊಂಡಿತ್ತು. ಬಡಿಯುವುದನ್ನು ಕೇಳದೆ ಮಲಗಿಬಿಟ್ಟರೆ ಮಗಳು ತನ್ನ ಜೊತೆಗೇ ಉಳಿಯುತ್ತಾಳೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರಯತ್ನ ಮಾಡಿದ್ದಳು. ಕಿವಿಗೆ ಹತ್ತಿ ಇಟ್ಟುಕೊಂಡೂ ನೋಡಿದ್ದಳು. ಆಗ ಸದ್ದಿಗಿಂತ ಮೊದಲೇ ಎಚ್ಚರವಾಗುತ್ತಿತ್ತಂತೆ.

ಹನ್ನೆರಡೂ ಮುಕ್ಕಾಲಿಗೆ ನಾನು ಬಾಗಿಲ ಸಂದಿಗೆ ಕಣ್ಣು ಹಚ್ಚಿ ಕೂತೆ. ಗುಲಾಬಿ ಗೋಡೆಯ ಕಡೆ ಮುಖ ಮಾಡಿ, ಮಗಳನ್ನು ತಬ್ಬಿಕೊಂಡು ಮಲಗಿದ್ದಳು. ಹೊರಗೆ ಬಿಸಿಲು ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ತಗಡಿನ ಗೋಡೆ ಕಾದು ಆಗೀಗ ಟಕ್ ಎನ್ನುತ್ತಿತ್ತು. ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಆದರೂ ಆ ಹೊತ್ತಿನಲ್ಲಿ, ಬರುವವನು ಸತ್ತವನೇ ಆಗಿರಲಿ ಎಂದು ಬೇಡಿಕೊಂಡೆ. ಬದುಕಿರುವವರು ಹೀಗೆ ಮಾಡುತ್ತಾರೆ ಎಂದರೆ ಅದು ಇನ್ನೂ ಭಯಂಕರ.

ದೂರದಲ್ಲಿ ಟಕ್ ಟಕ್ ಎಂದು ಎರಡು ಪೆಟ್ಟು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎರಡು. ಹತ್ತಿರವಾಗುತ್ತ ಬಂತು. ಪಕ್ಕದ ಮನೆಯಲ್ಲಿ ಬಡಿದದ್ದು ನಮ್ಮ ಗೋಡೆಗೇ ಬಡಿದಂತೆ ಕೇಳಿತು. ಆಮೇಲೆ ಕಾಲೆಳೆಯುವ ಸದ್ದು. ಸಂದಿಯಲ್ಲಿ ಮೊದಲು ಕಂಡದ್ದು ಕರಿಯ ಕೊಡೆ, ಆಮೇಲೆ ತಲೆಗೆ ಸುತ್ತಿದ ಒದ್ದೆ ಟವೆಲು. ಆ ಟವೆಲನ್ನು ಹೋದ ಉಗಾದಿಗೆ ನಾನೇ ತಂದುಕೊಟ್ಟಿದ್ದೆ.

ಅಪ್ಪ ಹೊಸ್ತಿಲ ಮೇಲೆ ಮೆಲ್ಲಗೆ ಕೂತರು. ನನ್ನ ಕಣ್ಣಿಗೂ ಅವರ ಬೆನ್ನಿಗೂ ನಡುವೆ ಒಂದು ಗೇಣು. ಏದುಸಿರು ಬಿಡುತ್ತಿದ್ದರು. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ತಂಬಿಗೆ ಎತ್ತಿ ಹಿಡಿದು, ಒಂದು ಹನಿ ಚೆಲ್ಲದಂತೆ ನೀರು ಕುಡಿದರು. ಬಾಯಿ ಒರೆಸಿಕೊಂಡರು. ತಂಬಿಗೆಯನ್ನು ತಟ್ಟೆಯಲ್ಲಿ ನೆಟ್ಟಗೆ ಇಟ್ಟರು. ಒಂದೆರಡು ನಿಮಿಷ ಸುಮ್ಮನೆ ಕೂತಿದ್ದು, ಮೊಣಕಾಲು ಹಿಡಿದು ಎದ್ದು, ಬೆರಳಿನ ಉಂಗುರದಿಂದ ಬಾಗಿಲನ್ನು ಎರಡು ಸಲ ತಟ್ಟಿ, ಮುಂದಿನ ಮನೆಯ ಕಡೆ ಹೋದರು.

ಹಿಂದಿನಿಂದ ಗುಲಾಬಿ ಕೇಳಿದಳು, ಮುಖ ತಿರುಗಿಸದೆಯೇ. “ಕಂಡ್ರಾ?”

ನಾನು ಸಂದಿಯಿಂದ ಕಣ್ಣು ತೆಗೆಯದೆ ಕೂತೆ.

ಸಂಜೆ ಮನೆಗೆ ಹೋದಾಗ ಅಪ್ಪ ಚಹಾಕ್ಕೆ ನೀರಿಟ್ಟಿದ್ದರು. ನಾನು ನಿಂತುಕೊಂಡೇ ಹೇಳಿದೆ, ಇವತ್ತು ಮಧ್ಯಾಹ್ನ ನಾಲ್ಕನೆಯ ಸಾಲಿನ ಏಳನೆಯ ಮನೆಯೊಳಗಿದ್ದೆ ಎಂದು. ಅಪ್ಪ ಒಲೆ ಆರಿಸಿದರು. ಅಲ್ಲಿಯೇ ನೆಲದ ಮೇಲೆ ಕೂತರು. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಅವರು ಅವರೇ. ಕಾಲನಿಗೆ ನಮ್ಮ ಕೆರೆಯ ನೀರಿನಲ್ಲಿ ಪಾಲು ಕೊಟ್ಟ ವಾರದಿಂದ ಶುರುಮಾಡಿದ್ದರಂತೆ. ದಿನಾ ನನಗೆ ಗಾಢ ನಿದ್ದೆ ಹತ್ತಿದ ಮೇಲೆ ಎದ್ದು ಹೋಗಿಬರುತ್ತಿದ್ದರು. ಯಾರ ಜೊತೆಗೂ ಸೇರಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಬೇಲಿಯ ಪಕ್ಕದ ಸಾಲು ಒಂದಕ್ಕೇ ಹೋಗುತ್ತಿದ್ದದ್ದು ಅದಕ್ಕಿಂತ ಮುಂದೆ ನಡೆಯಲಾಗದ್ದಕ್ಕೆ.

“ನಾ ಏನ್ ಕಲ್ಲ ಒಗದೇನ್ಯಾ? ಬೆಂಕಿ ಹಚ್ಚೇನ್ಯಾ?” ಎಂದರು. “ಬಾಗಲಾ ಬಡದೇನಿ, ಅಷ್ಟ.”

ಒಂದು ಹೆಂಗಸಿನ ಮಗಳು ಅವಳ ಕೈಬಿಟ್ಟು ಹೋಗುತ್ತಾಳಲ್ಲ ಅಪ್ಪಾ ಎಂದೆ. ಕೂಗಿದೆ ಎಂದೇ ಹೇಳಬೇಕು. ಅಪ್ಪನ ಮುಖ ಬಾಡಿತು, ಆದರೆ ಮಾತು ನಿಲ್ಲಲಿಲ್ಲ.

“ಈ ಮಂದಿಗೆ ಇಲ್ಲಿ ನಿದ್ದಿ ಹತ್ತಿತಂದ್ರ ನ್ಯಾಳೆ ಮತ್ತ ನಾಕನೂರ ಮನಿ ಬರ್ತಾವ. ಜಾಗಾ ಎಲ್ಲಿ ಐತಿ? ಆಗ ಯಾರಿಗೆ ಏಳಂತಾರ? ಒಮ್ಮಿ ಎದ್ದವರಿಗೇ ಏಳಂತಾರವ್ವ. ನಮಗ ಎದ್ದು ರೂಢಿ ಐತಿ ಅಂತ ಅವರಿಗೆ ಗೊತ್ತೈತಿ.”

ಹಾಗಾಗಲಾರದು ಎಂದು ಹೇಳಲು ನನಗೂ ಧೈರ್ಯ ಬರಲಿಲ್ಲ. ಆಕೆ ಇಟ್ಟ ನೀರನ್ನು ಯಾಕೆ ಕುಡಿದಿರಿ ಎಂದಷ್ಟೇ ಕೇಳಿದೆ. ಅಪ್ಪ ಬೆರಳಿನ ಉಂಗುರ ತಿರುವತೊಡಗಿದರು. ಮೊದಲೆರಡು ದಿನ ಕುಡಿಯಲಿಲ್ಲ ಎಂದರು. ಮೂರನೆಯ ದಿನವೂ ಇಟ್ಟಿದ್ದಳು, ಬಿಸಿಲು ಬಹಳವಿತ್ತು ಎಂದರು. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ನನ್ನ ಮೇಲೇ ನನಗೆ ಹೆಚ್ಚು ಸಿಟ್ಟು. ಯಾವ ಸದ್ದು ಸಾಕು, ಯಾವ ಹೊತ್ತು ಸರಿ ಎಂದು ಚಹಾದ ಜೊತೆ ಪಾಠ ಹೇಳಿಕೊಟ್ಟವಳು ನಾನೇ. ಅಂದು ರಾತ್ರಿ ಕೇಂದ್ರದಲ್ಲಿ ಕೂತು ವರದಿ ಬರೆಯುವಾಗ ‘ಅಪರಿಚಿತ ವ್ಯಕ್ತಿ’ ಎಂದು ಬರೆದು ಅಳಿಸಿದೆ. ಹಾಗೆ ಬರೆದರೆ ತನಿಖೆಗೆ ಮೂರು ತಿಂಗಳು ಹಿಡಿಯುತ್ತಿತ್ತು, ಗುಲಾಬಿಗೆ ಇದ್ದದ್ದು ನಾಲ್ಕು ದಿನ. ಹೆಸರು ಬರೆದರೆ ಮಾತ್ರ ಪರೀಕ್ಷೆ ಆ ಕ್ಷಣಕ್ಕೆ ರದ್ದಾಗುತ್ತಿತ್ತು. ಗದಿಗೆಪ್ಪ ಕೊಣ್ಣೂರ ಎಂದು ಬರೆದೆ. ಸಂಬಂಧ ಎಂಬ ಜಾಗದಲ್ಲಿ ತಂದೆ ಎಂದು ಬರೆದೆ.

ಡಾಕ್ಟರ್ ನಾಗಚಂದ್ರ ಒಳ್ಳೆಯವರೇ. ಓದಿ ಕನ್ನಡಕ ತೆಗೆದರು, ನನಗೆ ನೀರು ತರಿಸಿದರು. ನಾಲ್ಕನೆಯ ಸಾಲಿನ ಎರಡು ವರ್ಷದ ಗೆರೆಗಳೆಲ್ಲ ರದ್ದು, ಎಲ್ಲರಿಗೂ ಹೊಸದಾಗಿ ನಲವತ್ತು ದಿನ ಎಂದು ಅಲ್ಲಿಯೇ ಆದೇಶ ಬರೆದರು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಕಾಯ್ದೆಯ ಇನ್ನೊಂದು ಪುಟ ತೆರೆದರು. ಅನ್ಯರ ನೆಲೆ ಕೆಡಿಸಿದವನು ಸ್ವತಃ ನೆಲೆಯೂರಿದವನೋ ಅಲ್ಲವೋ ಎಂದು ಮೊದಲು ಪರೀಕ್ಷಿಸಬೇಕು ಎಂದು ಅಲ್ಲಿತ್ತು. ನಲವತ್ತು ದಿನ ಅವರಿಗೂ ಬಿಲ್ಲೆ. ಕಾವಲಿಲ್ಲದ ದಿನ ಒಂದೂ ಸಿಗದಿದ್ದರೆ ಬೇರೆ ಜಿಲ್ಲೆಗೆ ಹೋಗುವ ಮುಂದಿನ ತಂಡದ ಜೊತೆ ಅವರನ್ನೂ ಕಳಿಸಬೇಕು.

“ಅವರು ಅರವತ್ತೇಳು ವರ್ಷದಿಂದ ಇಲ್ಲಿದ್ದಾರಲ್ಲ, ಯಾಕೆ ಚಿಂತೆ ಮಾಡುತ್ತೀರಿ?” ಎಂದು ಡಾಕ್ಟರು ನಕ್ಕರು. “ಒಂದೇ ದಿನ ಗಾಢವಾಗಿ ಮಲಗಿದರೆ ಸಾಕು.”

ನಾನೂ ನಗಲು ನೋಡಿದೆ. ಸಣ್ಣಂದಿನಿಂದ ನಾನು ಯಾವ ಹೊತ್ತಿನಲ್ಲಿ ಎದ್ದು ನೀರು ಕುಡಿಯಲು ಹೋದರೂ ಅಪ್ಪ “ಯಾಕವ್ವ?” ಎಂದು ಕೇಳುತ್ತಿದ್ದರು. ಒಂದು ಸಲವೂ ಕೇಳದೆ ಇದ್ದದ್ದಿಲ್ಲ.

ಗುಲಾಬಿಗೆ ವಿಷಯ ಹೇಳುವುದಿತ್ತು. ಪರೀಕ್ಷೆ ರದ್ದಾಗಿದೆ, ನಲವತ್ತು ದಿನ ಸಿಕ್ಕಿದೆ ಎಂದಷ್ಟೇ ಹೇಳಿ ಬರಬಹುದಿತ್ತು. ಬಾಗಿಲು ಬಡಿಯುವುದು ನಿಂತರೂ ಅವಳು ಕಾಯುವುದು ನಿಲ್ಲುವುದಿಲ್ಲ, ಕಾಯುವುದು ನಿಲ್ಲದೆ ಗೆರೆ ಇಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳು ಕ್ಯಾಂಟೀನಿನ ಹಿಂದೆ ರೊಟ್ಟಿಯ ಹಂಚು ತೊಳೆಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕೊಡೆ, ಟವೆಲು, ಉಂಗುರ, ಒಂದನ್ನೂ ಬಿಡಲಿಲ್ಲ. ಅದು ನನ್ನ ಅಪ್ಪ ಎಂದೂ ಹೇಳಿದೆ. ಅವಳು ನನ್ನನ್ನು ಬಯ್ಯಲಿ, ಹಂಚು ಎತ್ತಿ ಹೊಡೆಯಲಿ ಎಂದು ಕಾದೆ. ಅವಳು ಹಂಚನ್ನು ತಿಕ್ಕುತ್ತಲೇ ಇದ್ದಳು. ಅದು ಎಂದೋ ಚೊಕ್ಕಟವಾಗಿತ್ತು.

“ಹಾಂಗಾರೆ ಪ್ರಾಪ್ತಿ ಅಪ್ಪ ಸತ್ತದ್ ಹೌದ್,” ಎಂದಳು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಹಣೆಯ ಕುಂಕುಮವನ್ನು ಒದ್ದೆ ಕೈಯಿಂದ ಒರೆಸಿದಳು. ನಾನು ಅವಳ ಭುಜ ಮುಟ್ಟಲು ಹೋದೆ. ಅವಳು ಪಕ್ಕಕ್ಕೆ ಸರಿದಳು.

ಮರುದಿನದಿಂದ ನನ್ನ ಪರದೆಯ ಮೇಲೆ ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟುಕೊಂಡೆ. ಗುಲಾಬಿಯದು ಮೊದಲ ದಿನವೇ ನೆಲಕ್ಕೆ ಬಿತ್ತು. ಎರಡನೆಯ ದಿನ, ಹತ್ತನೆಯ ದಿನ, ಇಪ್ಪತ್ತನೆಯ ದಿನ, ಒಂದು ಮೊನೆಯೂ ಇಲ್ಲ. ಇಷ್ಟು ಸ್ವಚ್ಛವಾದ ಗೆರೆಯನ್ನು ತಾನು ಕಂಡೇ ಇಲ್ಲ, ಇದನ್ನು ತರಬೇತಿಯಲ್ಲಿ ಉದಾಹರಣೆಗೆ ತೋರಿಸಬೇಕು ಎಂದು ಡಾಕ್ಟರ್ ನಾಗಚಂದ್ರ ಹೇಳಿದರು. ನನಗೆ ಅದನ್ನು ನೋಡಲು ಹೆದರಿಕೆಯಾಗುತ್ತಿತ್ತು. ಯಾರೂ ಬರುವುದಿಲ್ಲ ಎಂದು ಖಾತ್ರಿಯಾದವರು ಹಾಗೆ ಮಲಗುತ್ತಾರೆ.

ಕೆಳಗಿನ ಗೆರೆ ಅಪ್ಪನದು. ಮೊದಲ ದಿನದಿಂದಲೂ ಅದು ಎದ್ದೇ ಇತ್ತು. ಅಪ್ಪ ಮಾತ್ರ ದಿನಾ ಸಂಜೆ, ಮಗ್ಗಿ ಒಪ್ಪಿಸಿದ ಹುಡುಗನ ಹಾಗೆ ಮುಖ ಅರಳಿಸಿಕೊಂಡು, ಇವತ್ತು ಬಹಳ ಚಲೋ ನಿದ್ದೆ ಹತ್ತಿತ್ತು, ನಿಮ್ಮ ಸಾಹೇಬರಿಗೆ ಹೇಳು ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಕಷಾಯ ಮಾಡಿಕೊಟ್ಟೆ, ಕಾಲು ತಿಕ್ಕಿದೆ, ಕಿಟಕಿಗೆ ಕಂಬಳಿ ಕಟ್ಟಿದೆ. ಮಧ್ಯಾಹ್ನ ಅವರು ಕಣ್ಣು ಮುಚ್ಚಿ ಅಲುಗಾಡದೆ ಮಲಗಿರುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಒಂದೇ ಒಂದು ದಿನ ನಿಜವಾಗಿ ಮಲಗಲಿ ಎಂದು ಹರಕೆ ಹೊರುತ್ತಿದ್ದೆ. ಅವರ ಜೊತೆ ನಾನೂ ಹೋಗಬಹುದೇ ಎಂದು ಕೇಳಿದಾಗ, ನಾನು ಇಲ್ಲಿ ನೆಲೆಯೂರಿದವಳು, ನನ್ನನ್ನು ಕೀಳಲು ಕಾಯ್ದೆ ಬಿಡುವುದಿಲ್ಲ ಎಂದು ಡಾಕ್ಟರು ವಿಷಾದದಿಂದ ಹೇಳಿದರು.

ನಲವತ್ತನೆಯ ಸಂಜೆ ಗುಲಾಬಿ ಬಂದು ನೆಲೆಪತ್ರ ತೆಗೆದುಕೊಂಡಳು. ಪ್ರಾಪ್ತಿ ಅದನ್ನು ಗಟ್ಟಿಯಾಗಿ ಓದಿ ತಾಯಿಯ ಸೊಂಟ ತಬ್ಬಿಕೊಂಡಳು. ಗುಲಾಬಿ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳು ನಗುತ್ತಾಳೇನೋ ಎಂದು ನೋಡಿದೆ. ಮಗಳ ಜಡೆಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದು, ಅವಳ ಕೈ ಹಿಡಿದುಕೊಂಡು ಹೋದಳು. ಇನ್ನು ಅವರನ್ನು ಯಾರೂ ಬೇರೆ ಮಾಡುವಂತಿರಲಿಲ್ಲ.

ಮನೆಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಏನಾಯಿತೆಂದು ಕಣ್ಣಲ್ಲೇ ಕೇಳಿದರು. ಮೊದಲು ಚಹಾ ಕುಡಿಯೋಣ ಎಂದೆ. ಅಷ್ಟರಲ್ಲೇ ಅವರಿಗೆ ತಿಳಿಯಿತು. ಎದ್ದು, ಹಗ್ಗದ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಚತೊಡಗಿದರು. ಧೋತರ, ಅಂಗಿ, ಎರಡು ಬನಿಯನ್ನು. ಮಡಚುವ ಕೈ ಬಹಳ ಚುರುಕಾಗಿತ್ತು, ಅದನ್ನು ಚಿಕ್ಕಂದಿನಲ್ಲೇ ಕಲಿತವರ ಹಾಗೆ. ಕೊನೆಯ ಅಂಗಿಯನ್ನು ಮಡಚಿ, ಗಂಟು ಕಟ್ಟಿ, ಅದರ ಪಕ್ಕದಲ್ಲಿ ಕೂತು ನನ್ನನ್ನು ನೋಡಿದರು.

“ಈ ಸಲ ಲಾರಿ ಎಷ್ಟಕ್ಕ ಬರ್ತೈತೆವ್ವ?”

ಸೋಮವಾರ ಮುಂಜಾನೆ, ಬಿಸಿಲೇರುವ ಮೊದಲು ಎಂದೆ.